ರವಿವಾರದ ಟೇಬಲ್‌ಗೆ ಯಾರು ಬರಬಹುದು? ಗುಳೆ ಹೋದವರ ಓಟು, ದುಡಿಯಲು ಬಂದವರ ಹಕ್ಕು

ರವಿವಾರದ ಟೇಬಲ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಹಳೇ ಹುಬ್ಬಳ್ಳಿ ಕಡೆ ಒಂದು ಓಣಿಯಲ್ಲಿ ರವಿವಾರ ಬೆಳಿಗ್ಗೆ ಟೇಬಲ್ ಹಾಕಿಕೊಂಡು ಕೂರುತ್ತೇವೆ. ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಕೊಡುವುದು, ಫಾರ್ಮ್ ತುಂಬಲು ಸಹಾಯ ಮಾಡುವುದು, ಇಷ್ಟೇ ಕೆಲಸ. ನಮ್ಮಲ್ಲಿ ಯಾರೂ ಯಾವ ಪಕ್ಷದವರೂ ಅಲ್ಲ.

ಹೋದ ರವಿವಾರ ಇಬ್ಬರು ಬಂದರು. ಮೊದಲು ಬಂದವರು ಶಿರಹಟ್ಟಿ ಕಡೆಯ ತಾಂಡಾದ ಒಬ್ಬ ಹಿರಿಯ ಹೆಣ್ಣುಮಗಳು. ಮಗಳ ಮನೆಗೆ ಬಂದಿದ್ದರು. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್. ಅದಕ್ಕೆ ಎರಡು ಸುತ್ತು ರಬ್ಬರ್ ಬ್ಯಾಂಡ್. ಒಳಗೆ ಅವರ ವೋಟರ್ ಕಾರ್ಡು, ಮೂಲೆಯಲ್ಲಿ ಅರಿಶಿನದ ಕಲೆ. ನಂಬರ್ ಹಾಕಿ ನೋಡಿದೆ. ಪಟ್ಟಿಯಲ್ಲಿ ಹೆಸರಿಲ್ಲ. ಎಂಟು ತಿಂಗಳು ಮನೆಮಂದಿಯೆಲ್ಲ ಮಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದರಂತೆ. ಆಗ ತೆಗೆದುಹಾಕಿದ್ದಾರೆ. "ನಾ ಸತ್ತಿಲ್ಲಲ್ಲ ಯವ್ವಾ, ದುಡಿಯಾಕ ಹೋಗಿದ್ನಿ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಆಮೇಲೆ ಬಂದವನು ಒಡಿಶಾದ ಹುಡುಗ. ತಾರಿಹಾಳದಲ್ಲಿ ಕೆಲಸ. ಗುತ್ತಿಗೆದಾರ ಎರಡು ತಿಂಗಳ ಕೂಲಿ ಕೊಟ್ಟಿಲ್ಲ, ಎಲ್ಲಿ ಹೇಳಬೇಕು ಎಂದು ಕೇಳಿದ. ಊರಿನ ರೇಷನ್ ಕಾರ್ಡು ಇಲ್ಲಿ ನಡೆಯುತ್ತದಾ ಎಂದೂ ಕೇಳಿದ. ನಮ್ಮ ಗುಂಪಿನ ಒಬ್ಬರು ತಡೆದರು. "ಇದು ಓಟಿನ ಟೇಬಲ್. ಹೊರಗಿನವರ ಕೆಲಸಕ್ಕೆ ಕೈ ಹಾಕಿದರೆ ಓಣಿಯವರು ನಮ್ಮ ಹತ್ರ ಬರೋದೇ ಬಿಡ್ತಾರೆ" ಎಂದರು. ಹುಡುಗನ ಎದುರಿಗೇ ಮಾತಿಗೆ ಮಾತು ಬೆಳೆಯಿತು. ಅವನು ಸುಮ್ನೆ ಎದ್ದು ಹೋದ.

ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಇಂಥ ಕೆಲಸ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ. ನೀವಾದರೆ ಏನು ಮಾಡುತ್ತಿದ್ದಿರಿ?

ಗೋಕುಲ ರೋಡ್ ಫಿಟ್ಟರ್

ಅಕ್ಕಾರೆ, ಆ ಹುಡುಗನನ್ನು ಮೊದಲು ಹುಡುಕಿರಿ. ಎರಡು ತಿಂಗಳ ಕೂಲಿ ಅಂದರೆ ಅವನ ಮನೆಯಲ್ಲಿ ಒಲೆ ಉರಿಯುವ ದುಡ್ಡು. ನನ್ನ ಜೊತೆ ನೈಟ್ ಶಿಫ್ಟ್‌ನಲ್ಲಿ ಜಾರ್ಖಂಡ್, ಬಿಹಾರದ ಹುಡುಗರು ಇದ್ದಾರೆ. ಒಂದು ರೂಮಿನಲ್ಲಿ ಎಂಟು ಜನ. ನಾಲ್ಕು ಜನ ಹಗಲು ಮಲಗಿದರೆ ನಾಲ್ಕು ಜನ ರಾತ್ರಿ. ಹಾಸಿಗೆ ಆರೋದೇ ಇಲ್ಲ.

ಹಳೇ ಓಣಿ ಹಿರಿಯ

ನಾನು ಆ ಟೇಬಲ್‌ನಲ್ಲಿ ತಡೆದವನಲ್ಲ. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಓಣಿಯಲ್ಲಿ ಐದು ವರ್ಷದಲ್ಲಿ ಬಾಡಿಗೆ ಎಲ್ಲಿಗೋ ಹೋಯಿತು. ಹೊರಗಿನ ಹುಡುಗರು ಕಡಿಮೆ ಕೂಲಿಗೆ ಒಪ್ಪುತ್ತಾರೆ ಎಂದು ನಮ್ಮ ಹುಡುಗರಿಗೆ ಕೆಲಸ ಸಿಗುವುದಿಲ್ಲ. ಇನ್ನು ಓಟಿನ ವಿಷಯ. ಊರಲ್ಲೊಂದು, ಇಲ್ಲೊಂದು, ಎರಡು ಕಡೆ ಹೆಸರು ಇಟ್ಟುಕೊಂಡರೆ? ದೇಶದವರೇ ಅಲ್ಲದವರು ಸೇರಿಕೊಂಡರೆ? ಪಟ್ಟಿ ಶುದ್ಧವಾಗಿರಬೇಕು ಎನ್ನುವುದು ಕೆಟ್ಟ ಮಾತಲ್ಲ. ಸಿಟ್ಟಾಗದೆ ಯಾರಾದರೂ ಉತ್ತರ ಕೊಡಿ.

ಕರಿಕೋಟು (ಧಾರವಾಡ)

ಹಿರಿಯರ ಪ್ರಶ್ನೆ ಸರಿಯಾಗಿದೆ. ಉದ್ದ ಆಗುತ್ತದೆ, ಆದರೂ ಓದಿ.

ಪಟ್ಟಿಯ ಬುಡ ಇರುವುದು 1950ರ ಜನಪ್ರತಿನಿಧಿ ಕಾಯ್ದೆಯಲ್ಲಿ. 17ನೇ ಕಲಂ: ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಇರುವಂತಿಲ್ಲ. 19ನೇ ಕಲಂ: 18 ತುಂಬಿರಬೇಕು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸ ಇರಬೇಕು. ಭಾರತದ ಪ್ರಜೆ ಅಲ್ಲದಿದ್ದರೆ 16ನೇ ಕಲಂ ಪ್ರಕಾರ ಹೆಸರು ಸೇರಿಸುವಂತೆಯೇ ಇಲ್ಲ. ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6ರಲ್ಲಿ ಸಹಿ ಹಾಕುವವರು ಇದನ್ನೆಲ್ಲ ಘೋಷಿಸಿಯೇ ಸಹಿ ಹಾಕುತ್ತಾರೆ. ಸುಳ್ಳು ಹೇಳಿದರೆ 31ನೇ ಕಲಂ ಇದೆ, ಒಂದು ವರ್ಷದವರೆಗೆ ಜೈಲು. ಅಂದರೆ ಕಾವಲು ಕಾಯ್ದೆಯಲ್ಲೇ ಇದೆ. ಪರಿಶೀಲನೆ ಮಾಡುವುದು ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮತ್ತು ನೋಂದಣಾಧಿಕಾರಿ ಕೆಲಸ. ಯಾರ ಮುಖ ಹೇಗಿದೆ, ಯಾರ ಮಾತು ಹೇಗಿದೆ ಎಂದು ನೋಡಿ ಇವನು ಪ್ರಜೆ, ಇವನಲ್ಲ ಎಂದು ತೀರ್ಮಾನ ಮಾಡುವ ಅಧಿಕಾರ ಟೇಬಲ್ ಹಾಕಿಕೊಂಡು ಕೂತ ನಮಗೆ ಇಲ್ಲ.

ಈಗ 20ನೇ ಕಲಂ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಊರಲ್ಲಿ ಮನೆ ಇದೆ ಎನ್ನುವ ಒಂದೇ ಕಾರಣಕ್ಕೆ ಅಲ್ಲಿನ ವಾಸಿ ಆಗುವುದಿಲ್ಲ. ಹಾಗೆಯೇ, ತಾತ್ಕಾಲಿಕವಾಗಿ ಊರು ಬಿಟ್ಟಿದ್ದಾರೆ ಎನ್ನುವ ಕಾರಣಕ್ಕೆ ಅಲ್ಲಿನ ವಾಸ ಹೋಗುವುದೂ ಇಲ್ಲ. ಶಿರಹಟ್ಟಿಯ ತಾಯಿ ದುಡಿಯಲು ಹೋಗಿ ವಾಪಸ್ ಬರುವವರು. ನೋಟಿಸ್ ಕೊಡದೆ, ಅವರ ಮಾತು ಕೇಳದೆ ಹೆಸರು ತೆಗೆಯುವುದು ಸರಿಯಲ್ಲ. ತೆಗೆದ ಆದೇಶದ ಮೇಲೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಲು 15 ದಿನ ಸಮಯವಿದೆ. ಅದು ದಾಟಿದೆ ಅನ್ನಿಸುತ್ತದೆ. ಹಾಗಿದ್ದರೆ ತಾಂಡಾದ ವಿಳಾಸಕ್ಕೇ ಹೊಸದಾಗಿ ಫಾರ್ಮ್ 6 ಕೊಡಿಸಿ. ಹುಬ್ಬಳ್ಳಿಯ ಮಗಳ ಮನೆ ವಿಳಾಸಕ್ಕೆ ಬೇಡ.

ಒಡಿಶಾದ ಹುಡುಗ ಇಲ್ಲೇ ನೆಲೆ ನಿಂತಿದ್ದರೆ ಫಾರ್ಮ್ 8 ಕೊಟ್ಟು ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಆಗ ಊರಿನ ಹೆಸರು ಹೋಗುತ್ತದೆ. ಅವನಿಗೆ ಅದು ಬೇಡವಾದರೆ ಬೇಡ. ಆಯ್ಕೆ ಅವನದು. ನಾವು ಎರಡೂ ಬದಿ ತಿಳಿಸಿ ಸುಮ್ಮನಿರಬೇಕು.

ಕೂಲಿ ವಿಷಯ ಓಟಿಗಿಂತ ಬೇರೆ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು ಎನ್ನುವುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಈಗ ಹಳೆಯ ಕಾಯ್ದೆಗಳು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿವೆ, ಆ ಹೊಣೆ ಹಾಗೇ ಇದೆ. ಹುಡುಗನಿಗೆ ಹಾಜರಿ ಪುಸ್ತಕದ ಫೋಟೋ, ಗೇಟ್ ಪಾಸ್, ಗುತ್ತಿಗೆದಾರನ ಜೊತೆ ಆಡಿದ ವಾಟ್ಸ್‌ಆ್ಯಪ್ ಮಾತು, ಏನಿದೆಯೋ ಅದನ್ನು ಉಳಿಸಿಕೊಳ್ಳಲು ಹೇಳಿ. ಕಾರ್ಮಿಕ ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಡಿಸಿ, ಸ್ವೀಕೃತಿ ಪಡೆಯಿರಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಕಾರ್ಮಿಕರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ವಕೀಲರ ಫೀ ಇಲ್ಲ.

ಹಳೇ ಓಣಿ ಹಿರಿಯ

ತಿಳಿಸಿದ್ದಕ್ಕೆ ಧನ್ಯವಾದ. ಎರಡು ಕಡೆ ಹೆಸರಿನ ಸಂಶಯ ಹೋಯಿತು. ಕಡಿಮೆ ಕೂಲಿಯ ಮಾತು ಹಾಗೇ ಉಳಿದಿದೆ.

ಗೋಕುಲ ರೋಡ್ ಫಿಟ್ಟರ್

ಹಿರಿಯರೇ, ಕಡಿಮೆ ಕೂಲಿಗೆ ಅವನು ಒಪ್ಪುವುದು ಯಾಕೆ? ಕೇಳುವವರು ಯಾರೂ ಇಲ್ಲ ಎಂದು ಗುತ್ತಿಗೆದಾರನಿಗೆ ಗೊತ್ತು. ಅವನಿಗೆ ಕನಿಷ್ಠ ಕೂಲಿ ಪೂರ್ತಿ ಕೊಡಲೇಬೇಕಾದರೆ ನಿಮ್ಮ ಮೊಮ್ಮಗನನ್ನು ಬಿಟ್ಟು ಅವನನ್ನೇ ಕರೆಯಲು ಏನು ಕಾರಣ ಉಳಿಯುತ್ತದೆ? ನಾನು ಶಾಪ್ ಫ್ಲೋರ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಅವರ ಕೂಲಿ ಮುರಿದಾಗ ನಮ್ಮ ಓವರ್‌ಟೈಮ್ ದುಡ್ಡೂ ಮುರಿಯುತ್ತದೆ.

ಅಂಗನವಾಡಿ ಟೀಚರ್ (ಗದಗ ಜಿಲ್ಲೆ)

ನಾನು ಬಿಎಲ್‌ಒ ಕೂಡ ಹೌದು. ಮೊದಲನೇ ಪೋಸ್ಟ್ ಓದಿ ಎರಡು ದಿನ ಆಯಿತು, ಬರೆಯಲೋ ಬೇಡವೋ ಎಂದು ಯೋಚಿಸಿದೆ.

ನನ್ನ ಬೂತಿನಲ್ಲಿ ಸಾವಿರಕ್ಕೂ ಜಾಸ್ತಿ ಮತದಾರರು. ಅಂಗನವಾಡಿ ಮುಗಿಸಿ ಸಂಜೆ ಮನೆ ಮನೆ ಸುತ್ತಬೇಕು. ಸುಗ್ಗಿ ಮುಗಿದ ಮೇಲೆ ತಾಂಡಾಕ್ಕೆ ಹೋದರೆ ಸಾಲಾಗಿ ಬೀಗ. ಕಟ್ಟೆ ಮೇಲೆ ಒಬ್ಬ ಅಜ್ಜ, ಎರಡು ಆಡು. ಕೇಳಿದರೆ "ಗುಳೆ ಹೋಗ್ಯಾರವ್ವ" ಅನ್ನುತ್ತಾರೆ. ಯಾವಾಗ ಬರುತ್ತಾರೆ? "ಯುಗಾದಿಗಿ ಬರಬೌದು." ಮೇಲಿನಿಂದ ಸಂಜೆಯೊಳಗೆ ವರದಿ ಬೇಕು ಎಂದು ಮೆಸೇಜ್. ಹೋದ ಮನೆ, ಬೀಗ ಹಾಕಿದ ಮನೆ, ಸ್ಥಳಾಂತರ ಆದವರು ಎಂದು ಬರೆದುಕೊಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಮನೆಯವರನ್ನು ಸ್ಥಳಾಂತರ ಎಂದು ಬರೆದಿದ್ದೇನೆ. ಚುನಾವಣೆ ದಿನ ಅವರು ಬಸ್ಸಿನಿಂದ ಇಳಿದು ಸೀದಾ ಬೂತಿಗೆ ಬಂದರು. ಚೀಲ ಇನ್ನೂ ಹೆಗಲ ಮೇಲಿತ್ತು. ಹೆಸರಿಲ್ಲ ಎಂದು ನಾನೇ ಹೇಳಬೇಕಾಯಿತು. ಅವರು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಮನೆಯ ಒಬ್ಬರ ಫೋನ್ ನಂಬರ್, ಗುಳೆ ಹೋಗುವ ಊರು, ವಾಪಸ್ ಬರುವ ಹಬ್ಬ. ಬೀಗ ಕಂಡರೆ ಫೋನ್ ಮಾಡುತ್ತೇನೆ. "ಊರಿಗೆ ಬರತೀರೋ, ಅಲ್ಲೇ ಇರತೀರೋ?" ಅಷ್ಟೇ ಪ್ರಶ್ನೆ. ಬರುತ್ತೇವೆ ಅಂದರೆ ಹೆಸರು ಮುಟ್ಟುವುದಿಲ್ಲ. ಸ್ವಯಂಸೇವಕರೇ, ನೀವು ಇದೊಂದು ಸಹಾಯ ಮಾಡಿ. ಗುಳೆ ಹೊರಡುವ ಮುಂಚೆ ನಿಮ್ಮ ಬಿಎಲ್‌ಒಗೆ ಒಂದು ಫೋನ್ ಮಾಡಿ ಹೇಳಿ ಹೋಗಿ ಎಂದು ಜನರಿಗೆ ತಿಳಿಸಿ. ಬಿಎಲ್‌ಒ ಹೆಸರು, ನಂಬರ್ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಸಿಗುತ್ತದೆ. 1950ಕ್ಕೆ ಕರೆ ಮಾಡಿದರೂ ಹೇಳುತ್ತಾರೆ.

ಇನ್ನೊಂದು. ಹೆಸರು ತಪ್ಪಿದ್ದವರು ಬಹಳ. ಯಲ್ಲವ್ವ ಇದ್ದದ್ದು ಪಟ್ಟಿಯಲ್ಲಿ ಎಲ್ಲಮ್ಮ ಆಗಿರುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಕಂಪ್ಯೂಟರ್ ತಿರುಗಿಸುವಾಗ ಹೀಗಾಗುತ್ತದೆ. ಫಾರ್ಮ್ 8ರಲ್ಲಿ ಸರಿ ಮಾಡಿಸಬಹುದು.

ಮಾಸ್ತರ್ (ಮುಂಡರಗಿ)

ಟೀಚರ್ ಬರೆದದ್ದು ಓದಿ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷ ಹಾಜರಿ ಕೂಗಿದವನು ನಾನು. ದೀಪಾವಳಿ ಆದ ಮೇಲೆ ತರಗತಿಯಲ್ಲಿ ಅರ್ಧ ಬೆಂಚು ಖಾಲಿ ಆಗುತ್ತಿದ್ದವು. ಮಕ್ಕಳು ಅಪ್ಪ ಅವ್ವನ ಹಿಂದೆ ಗೋವಾಕ್ಕೋ, ಮಂಗಳೂರಿಗೋ ಹೋಗಿರುತ್ತಿದ್ದರು.

ಹೋದಲ್ಲೇ ಓಟು ಹಾಕುವ ವ್ಯವಸ್ಥೆ ಬರುತ್ತದೆ ಎಂದು ನಾನು ಬಹಳ ಆಸೆ ಇಟ್ಟಿದ್ದೆ. 2022ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗ ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿ ಮಾಡಿದೆ ಎಂದು ಹೇಳಿತು. ಒಂದೇ ಬೂತಿನಿಂದ 72 ಕ್ಷೇತ್ರಗಳ ಮತ ಹಾಕಬಹುದಿತ್ತು. 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆಸಿದರು. ಬಹಳ ಪಕ್ಷಗಳು ಒಪ್ಪಲಿಲ್ಲ. ಅದು ಅಲ್ಲಿಗೇ ನಿಂತಿತು. ಹಾಗಾಗಿ ನಮ್ಮವರು ಓಟು ಹಾಕಬೇಕಾದರೆ ಈಗಲೂ ಬಸ್ ಹತ್ತಿಯೇ ಬರಬೇಕು, ಒಂದೆರಡು ದಿನದ ಕೂಲಿ ಬಿಡಬೇಕು.

ಆದರೆ ಕೂಲಿ ಬಿಡಬೇಕಿಲ್ಲ ಎಂದು ಕಾಯ್ದೆ ಹೇಳುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ. ಮತದಾನದ ದಿನ ಸಂಬಳ ಸಹಿತ ರಜೆ. ದಿನಗೂಲಿಯವರಿಗೂ ಅನ್ವಯ. ಕ್ಷೇತ್ರದ ಹೊರಗೆ ಕೆಲಸ ಮಾಡುವವರಿಗೂ ಸಿಗಬೇಕು ಎಂದು ಆಯೋಗವೇ ಹೇಳಿದೆ. ಈ ಒಂದು ಕಲಂ ದೊಡ್ಡ ಅಕ್ಷರದಲ್ಲಿ ಬರೆದು ನಿಮ್ಮ ಟೇಬಲ್ ಮುಂದೆ ತೂಗುಹಾಕಿ.

ವಾಸ್ಕೋದಿಂದ ಗದಗಿನವ

ಮಾಸ್ತರ್, ನಮಸ್ಕಾರ. ಆ ರಜೆ ನಾನು ಪಡೆದಿದ್ದೇನೆ. 2023ರ ಮೇ 10, ಕರ್ನಾಟಕ ವಿಧಾನಸಭೆ ಚುನಾವಣೆ. ಗೋವಾ ಸರ್ಕಾರ ಕರ್ನಾಟಕದ ಮತದಾರರಿಗಾಗಿ ಅಂದು ಸಂಬಳ ಸಹಿತ ರಜೆ ಘೋಷಿಸಿತು. ಇಲ್ಲಿನ ಉದ್ಯಮದವರು ಅದಕ್ಕೆ ತಕರಾರು ಎತ್ತಿದರು. 2024ರಲ್ಲಿ ಮೇ 7ರಂದು ಗೋವಾ ಮತ್ತು ನಮ್ಮ ಉತ್ತರ ಕರ್ನಾಟಕ ಎರಡಕ್ಕೂ ಒಂದೇ ದಿನ ಮತದಾನ.

ಈ ಚರ್ಚೆ ಓದುವಾಗ ಒಂದು ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಹುಬ್ಬಳ್ಳಿಯಲ್ಲಿ ಆ ಒಡಿಶಾದ ಹುಡುಗನಿಗೆ ಹೇಳಿದ ಮಾತನ್ನು ನನಗೆ ಇಲ್ಲಿ ಹೇಳಿದ್ದಾರೆ. ನೀರಿನ ನಲ್ಲಿ ಹತ್ತಿರ, ಬಾಡಿಗೆ ಮನೆ ಬಾಗಿಲಲ್ಲಿ. ನನ್ನ ಮಗಳು ಇಲ್ಲೇ ಹುಟ್ಟಿದಳು, ಕೊಂಕಣಿ ನೀರು ಕುಡಿದ ಹಾಗೆ ಮಾತಾಡುತ್ತಾಳೆ. ಆದರೂ ನಾವು ಹೊರಗಿನವರು. 2025ರ ನವೆಂಬರಿನಲ್ಲಿ ಇಲ್ಲಿ ಎಸ್‌ಐಆರ್ (ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ) ಶುರುವಾದಾಗ ನಮ್ಮ ಚಾಳಿನ ಜನ ಹೆದರಿ ಕಾಗದ ಹುಡುಕಲು ಊರಿಗೆ ಓಡಿದರು. ಹಳೆಯ ಪಟ್ಟಿಯಲ್ಲಿ ಅಪ್ಪನ ಹೆಸರು ಎಲ್ಲಿದೆ ಎಂದು ಹುಡುಕಬೇಕಿತ್ತು. ನಮಗೆ ಕೂತು ಹುಡುಕಿಕೊಟ್ಟವರು ಇಲ್ಲಿನ ಒಬ್ಬ ಕೊಂಕಣಿ ಶಾಲೆ ಟೀಚರ್. ನೀವು ಎಲ್ಲಿಯವರು ಎಂದು ಅವರು ಕೇಳಲಿಲ್ಲ. ನಿಮ್ಮ ತಂದೆ ಹೆಸರೇನು ಎಂದಷ್ಟೇ ಕೇಳಿದರು.

ಬ್ಯಾಡಗಿ ಅಕ್ಕ

ನಮ್ಮಲ್ಲಿ ಮೆಣಸಿನಕಾಯಿ ಸೀಸನ್ ಬಂದರೆ ಊರೇ ಕೆಂಪು. ತುಂಬು (ತೊಟ್ಟು) ಬಿಡಿಸಲು ಸುತ್ತಲ ಹಳ್ಳಿ, ಬೇರೆ ಜಿಲ್ಲೆಗಳಿಂದಲೂ ಹೆಣ್ಣುಮಕ್ಕಳು ಬರುತ್ತಾರೆ. ಘಾಟಿಗೆ ಕೂಸುಗಳು ಕೆಮ್ಮುತ್ತಾ ಸೀರೆ ತೊಟ್ಟಿಲಲ್ಲಿ ಮಲಗಿರುತ್ತವೆ. ನಾನು ಮಾಡುವ ಕೆಲಸ ಎರಡೇ.

ಒಂದು, ಶಾಲೆ. ವರ್ಷದ ಮಧ್ಯೆ ಬಂದರೂ 6ರಿಂದ 14 ವರ್ಷದ ಮಗುವಿಗೆ ಸೇರ್ಪಡೆ ಕೊಡಲೇಬೇಕು. ಜನ್ಮ ದಾಖಲೆ ಇಲ್ಲ, ಟಿಸಿ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಂದು ಶಾಲೆಯಲ್ಲಿ ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಕಾಯ್ದೆಯ ಪುಟ ಕೈಯಲ್ಲಿ ಹಿಡಿದು ಹೋದೆ, ಸೇರಿಸಿಕೊಂಡರು.

ಎರಡು, ರೇಷನ್. ಒಡಿಶಾದ ಹುಡುಗ ಕೇಳಿದ್ದಕ್ಕೆ ಉತ್ತರ ಹೌದು. ಒಂದು ದೇಶ ಒಂದು ಪಡಿತರ ಚೀಟಿ ಈಗ ಎಲ್ಲ ರಾಜ್ಯಗಳಲ್ಲೂ ಇದೆ. 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಜಾರಿ ಮಾಡಲೇಬೇಕು ಎಂದು ಹೇಳಿತು. ಕೇಂದ್ರದ ಪಾಲಿನ ಅಕ್ಕಿ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯಬಹುದು. ಅವನ ಪಾಲು ಅವನು ಇಲ್ಲಿ, ಮನೆಯವರ ಪಾಲು ಅವರು ಅಲ್ಲಿ. ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು. ತೊಂದರೆ ಬರುವುದು ಬೆರಳಚ್ಚಿನಲ್ಲಿ. ಒಬ್ಬ ಗಾರೆ ಕೆಲಸದವನ ಕೈ ಹಿಡಿದು ನೋಡಿದೆ. ಸಿಮೆಂಟ್ ಕಲಸಿ ಕಲಸಿ ಹೆಬ್ಬೆರಳ ಗೆರೆಯೇ ಇರಲಿಲ್ಲ, ನುಣ್ಣಗೆ ಕಲ್ಲಿನ ಹಾಗೆ. ಮಷಿನ್ ಐದು ಸಲ ಕೆಂಪು ತೋರಿಸಿತು. ಕಿರುಬೆರಳು ಇಟ್ಟಾಗ ಬಂತು. ಆಮೇಲೆ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಹೊಸದಾಗಿ ಕೊಡಿಸಿದೆ.

ಗೋಕುಲ ರೋಡ್ ಫಿಟ್ಟರ್

ಗಾರೆ ಕೆಲಸದವರ ಮಾತು ಬಂತಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. 18ರಿಂದ 60 ವಯಸ್ಸು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ. ಯಾವ ರಾಜ್ಯದವರು ಎಂಬ ಭೇದ ಕಾಯ್ದೆಯಲ್ಲಿಲ್ಲ. ಉಳಿದವರಿಗೆ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಇದೆ.

ಸಪ್ತಾಪುರ ರೂಮ್ ನಂಬರ್ 12

ನಾನು ವಿಜಯಪುರದಿಂದ ಧಾರವಾಡಕ್ಕೆ ಕೋಚಿಂಗ್‌ಗೆ ಬಂದವಳು. ಮೂರು ವರ್ಷದಿಂದ ಇಲ್ಲೇ. ನಾನೂ ವಲಸೆಯೇ ಅಲ್ವಾ? ಈಚೆಗಷ್ಟೇ ಗೊತ್ತಾಯಿತು, ಓದಲು ಬಂದವರು ಊರಿನ ಪಟ್ಟಿಯಲ್ಲೂ ಇರಬಹುದು, ಹಾಸ್ಟೆಲ್ ಇರುವ ಕಡೆಗೂ ಹೆಸರು ಹಾಕಿಸಬಹುದು. ಆದರೆ ಒಂದೇ ಕಡೆ. 17 ತುಂಬಿದವರು ಮುಂಚೆಯೇ ಅರ್ಜಿ ಹಾಕಬಹುದು. 18 ಎಣಿಸುವ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ನನ್ನ ಲೈಬ್ರರಿಯಲ್ಲಿ ಸಂವಿಧಾನದ ಕಲಂಗಳನ್ನು ನಿದ್ದೆಯಲ್ಲೂ ಹೇಳುವವರು ಇದ್ದಾರೆ. ಅವರಲ್ಲಿ ಓಟು ಹಾಕದವರು ಬಹಳ. ರವಿವಾರ ಬೆಳಿಗ್ಗೆ ನಿಮ್ಮ ಟೇಬಲ್‌ಗೆ ನಾಲ್ಕು ಜನ ಬರುತ್ತೇವೆ. ಹಿಂದಿ ಚೆನ್ನಾಗಿ ಬರುವವಳು ಒಬ್ಬಳು ಇದ್ದಾಳೆ.

ಮುಂಡಗೋಡ ರೋಡ್

ಹಿರಿಯರು "ದೇಶದವರೇ ಅಲ್ಲದವರು" ಅಂದರಲ್ಲ, ಅದಕ್ಕೆ ಒಂದು ಮಾತು. ನಮ್ಮ ಪಕ್ಕದ ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರು ಇದ್ದಾರೆ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ನಮ್ಮ ರಾಜ್ಯ (ಆಗಿನ ಮೈಸೂರು ರಾಜ್ಯ) ಅವರಿಗೆ ಜಾಗ ಕೊಟ್ಟಿತು. ಅವರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಪ್ರಜೆಗಳು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಹಾಗೇ ತೀರ್ಪು ಕೊಟ್ಟಿತು. 2014ರಲ್ಲಿ ಆಯೋಗ ಅಂಥವರ ಹೆಸರು ಪಟ್ಟಿಗೆ ಸೇರಿಸಿ ಎಂದು ಸೂಚಿಸಿತು. ಕೆಲವರು ಸೇರಿದರು, ಕೆಲವರು ಬೇಡ ಅಂದರು. ನಿರಾಶ್ರಿತರಾಗಿಯೇ ಉಳಿಯುವುದು ಅವರ ಮನಸ್ಸಿನ ವಿಷಯ. ಮುಖ ನೋಡಿ ತೀರ್ಮಾನ ಮಾಡಬೇಡಿ ಎಂದು ಕರಿಕೋಟು ವಕೀಲರು ಹೇಳಿದ್ದು ಇದಕ್ಕೇ.

ಕರಿಕೋಟು (ಧಾರವಾಡ)

ಸರಿಯಾದ ಉದಾಹರಣೆ. ಇದಕ್ಕೆ ಒಂದು ಸೇರಿಸುತ್ತೇನೆ. ಓಟು, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು, ಇವು ಪ್ರಜೆಗಳಿಗೆ ಮಾತ್ರ. ಆದರೆ ಸಂವಿಧಾನದ 14 ಮತ್ತು 21ನೇ ವಿಧಿ "ಪ್ರಜೆ" ಅನ್ನುವುದಿಲ್ಲ, "ವ್ಯಕ್ತಿ" ಅನ್ನುತ್ತದೆ. ಕೂಲಿ ಕೇಳಿದವನನ್ನು ಹೊಡೆದರೆ, ಕಾರ್ಡು ಕಿತ್ತಿಟ್ಟುಕೊಂಡರೆ, ಅವನು ಯಾವ ದೇಶದವನಾದರೂ ಠಾಣೆಗೆ ಹೋಗಬಹುದು.

ಹಳೇ ಓಣಿ ಹಿರಿಯ

ನನ್ನ ಮನಸ್ಸು ಪೂರ್ತಿ ಬದಲಾಗಿದೆ ಎಂದು ಹೇಳಲಾರೆ. ಬಾಡಿಗೆ, ನೀರು, ಇವೆಲ್ಲ ನಮಗೆ ಕಷ್ಟವೇ. ಆದರೆ ವಾಸ್ಕೋದ ತಮ್ಮ ಬರೆದದ್ದು ನನ್ನನ್ನು ಕೂರಿಸಿತು. ನನ್ನ ಅಣ್ಣನ ಮಗನೂ ಗೋವಾದಲ್ಲಿದ್ದಾನೆ. ನನ್ನದೊಂದು ಕೋರಿಕೆ. ಬಂದ ಹುಡುಗರಿಗೆ ಕನ್ನಡ ಕಲಿಸಿ. ಓಣಿಯವರ ಜೊತೆ ನಾಲ್ಕು ಮಾತಾಡಿದರೆ ಅರ್ಧ ಸಂಶಯ ಹೋಗುತ್ತದೆ. ಬೇಕಾದರೆ ನಾನೇ ವಾರಕ್ಕೆ ಒಂದು ಸಂಜೆ ಕೂರುತ್ತೇನೆ.

ರವಿವಾರದ ಟೇಬಲ್ (ಹುಬ್ಬಳ್ಳಿ)

ಎಲ್ಲರ ಮಾತನ್ನೂ ಗುಂಪಿನಲ್ಲಿ ಓದಿ ಹೇಳಿದೆ. ತಡೆದ ನಮ್ಮ ಅಣ್ಣನೂ ಪೂರ್ತಿ ಕೇಳಿದರು. ಟೇಬಲ್ ಎಲ್ಲರಿಗೂ ಎಂದು ಆಯಿತು. ಅವರದೊಂದು ಷರತ್ತು, ಅದು ನನಗೂ ಸರಿ ಅನ್ನಿಸಿತು: ಯಾರ ಆಧಾರ್ ಜೆರಾಕ್ಸ್, ಓಟಿಪಿ, ಫೋಟೋ ನಾವು ಇಟ್ಟುಕೊಳ್ಳಬಾರದು. ಮತದಾರರ ಜಾಗೃತಿ ಎಂದು ಮನೆ ಮನೆಗೆ ಹೋಗಿ ಮಾಹಿತಿ ಸಂಗ್ರಹಿಸಿದ ಪ್ರಕರಣ 2022ರಲ್ಲಿ ಬೆಂಗಳೂರಿನಲ್ಲಿ ಎಷ್ಟು ದೊಡ್ಡದಾಯಿತು ಎಂದು ನೆನಪಿದೆಯಲ್ಲ. ಜನ ನಮ್ಮನ್ನು ನಂಬಿ ಕಾರ್ಡು ಕೈಗೆ ಕೊಡುತ್ತಾರೆ. ಅವರ ಫೋನಿನಲ್ಲೇ ತುಂಬುವುದು, ಅವರ ಕಣ್ಣೆದುರಿಗೇ ಕಳಿಸುವುದು, ಕಾರ್ಡು ತಕ್ಷಣ ವಾಪಸ್ ಕೊಡುವುದು. ಆಧಾರ್ ಪೌರತ್ವದ ದಾಖಲೆ ಅಲ್ಲ ಎಂದೂ ಗೋಡೆಗೆ ಅಂಟಿಸುತ್ತೇವೆ, ಬಹಳ ಜನ ಹಾಗೇ ತಿಳಿದಿದ್ದಾರೆ.

ಒಡಿಶಾದ ಹುಡುಗನನ್ನು ಫಿಟ್ಟರ್ ಅಣ್ಣ ಎರಡು ದಿನ ಸುತ್ತಿ ಹುಡುಕಿದರು. ದೂರು ಬರೆದಾಯಿತು, ಸ್ವೀಕೃತಿಯೂ ಸಿಕ್ಕಿತು. ಕೂಲಿ ಇನ್ನೂ ಬಂದಿಲ್ಲ. ಅವನು ಗೇಟ್ ಪಾಸನ್ನು ಬಿಸಾಡಿರಲಿಲ್ಲ, ಅದು ಉಪಯೋಗಕ್ಕೆ ಬಂತು. ಓಟು ಊರಲ್ಲೇ ಇರಲಿ ಅಂದ. ಅವನ ಅವ್ವ ಅಲ್ಲೇ ಇದ್ದಾಳಂತೆ.

ವಾಸ್ಕೋದಿಂದ ಗದಗಿನವ

ಅಕ್ಕಾರೆ, ಶಿರಹಟ್ಟಿಯ ಅವ್ವನ ಕೆಲಸ ಏನಾಯಿತು? ನಮ್ಮ ಅತ್ತೆ ಊರೂ ಅದೇ ಕಡೆ. ಕಾರ್ಡ್ ನಂಬರ್ ಇಲ್ಲಿ ಹಾಕಿದರೆ ಯಾರಿಂದಲಾದರೂ ವಿಚಾರಿಸಿ ನೋಡುತ್ತೇನೆ.

ರವಿವಾರದ ಟೇಬಲ್ (ಹುಬ್ಬಳ್ಳಿ)

ನಂಬರ್ ಇಲ್ಲಿ ಹಾಕುವುದು ಬೇಡ ತಮ್ಮಾ, ಎಲ್ಲರೂ ಓದುವ ಜಾಗ. ಫಾರ್ಮ್ 6 ತಾಂಡಾದ ವಿಳಾಸಕ್ಕೇ ತುಂಬಿದ್ದೇವೆ. ಮಾಸ್ತರ್ ಮಂಗಳವಾರ ಅವರ ಜೊತೆ ಬಿಎಲ್‌ಒ ಹತ್ತಿರ ಹೋಗುತ್ತಾರೆ. ಆ ಅವ್ವ ಯುಗಾದಿವರೆಗೆ ಊರಲ್ಲೇ ಇರುತ್ತಾರಂತೆ, ಪರಿಶೀಲನೆಗೆ ಬಂದಾಗ ಬಾಗಿಲು ತೆರೆದಿರುತ್ತದೆ.